ಹಳದಿ ಮೂತಿಯ ವೈರು

ಹಳೇ ಡಿಜಿಟಲ್ ಕ್ಯಾಮೆರಾ ಇರೋರೆಲ್ಲ ಒಂದು ಕೆಲಸ ಮಾಡಿ. ಅದು ಬಂದ ಡಬ್ಬಿ ಇನ್ನೂ ಅಟ್ಟದ ಮೇಲೋ ಬೀರುವಿನ ತಲೆ ಮೇಲೋ ಬಿದ್ದಿರುತ್ತೆ, ಇಳಿಸಿ ನೋಡಿ. ಚಾರ್ಜರ್ ಇರಲ್ಲ, ಅದು ಬಳಕೆಯಲ್ಲಿದೆ. ಯುಎಸ್‌ಬಿ ಕೇಬಲ್ ಲ್ಯಾಪ್‌ಟಾಪ್ ಬ್ಯಾಗು ಸೇರಿದೆ. ಸಿಡಿ, ಹತ್ತಾರು ಭಾಷೆಯ ವಾರಂಟಿ ಪುಸ್ತಕ, ಇವೆಲ್ಲದರ ಅಡಿಯಲ್ಲಿ ಪ್ಲಾಸ್ಟಿಕ್ ಕವರ್ ಕೂಡ ಬಿಚ್ಚದ ಒಂದು ಕಪ್ಪು ವೈರು ಸುರುಳಿ ಸುತ್ತಿಕೊಂಡು ಮಲಗಿರುತ್ತೆ. ಒಂದು ತುದಿಯಲ್ಲಿ ಸಣ್ಣ ಪಿನ್ನು. ಇನ್ನೊಂದು ತುದಿಯಲ್ಲಿ ಎರಡು ಮೂತಿ: ಒಂದು ಹಳದಿ, ಒಂದು ಬಿಳಿ. ಕೆಲವದರಲ್ಲಿ ಕೆಂಪೂ ಇರುತ್ತೆ. ಹಳದಿಯಲ್ಲಿ ಚಿತ್ರ ಹೋಗುತ್ತೆ, ಉಳಿದದ್ದರಲ್ಲಿ ದನಿ. ಟಿವಿಗೆ ಸಿಕ್ಕಿಸೋಕೆ ಅಂತ ಕೊಟ್ಟಿರೋ ವೈರು ಅದು. ನಮ್ಮ ಟೀಮಿನಲ್ಲಿ ಕ್ಯಾಮೆರಾ ಇರೋರನ್ನೆಲ್ಲ ಕೇಳಿ ನೋಡಿದೆ. ಅದನ್ನು ಬಳಸಿದವನು ನಾನೊಬ್ಬನೇ.

ಬಳಸದೇ ಇರೋಕೆ ಕಾರಣ ಸುಲಭ, ನಮಗೆ ಅದು ಬೇಕಾಗಲ್ಲ. ಕಾರ್ಡ್ ತೆಗೆದು ಲ್ಯಾಪ್‌ಟಾಪಿಗೆ ಹಾಕಿದರೆ ಡಿಸಿಐಎಂ ಅನ್ನೋ ಫೋಲ್ಡರ್ ಕಾಣುತ್ತೆ, ಎಳೆದು ಡೆಸ್ಕ್‌ಟಾಪಿಗೆ ಹಾಕಿಕೊಂಡು ಸಂಜೆಯೊಳಗೆ ಫೇಸ್‌ಬುಕ್ಕಿಗೆ ಏರಿಸ್ತೀವಿ. ಊರ ಜಾತ್ರೆ ಫೋಟೋಗೆ ಮಾರತ್‌ಹಳ್ಳಿಯಲ್ಲಿ ಕೂತ ಗೆಳೆಯ ಲೈಕ್ ಒತ್ತುತ್ತಾನೆ. ಆದರೆ ಫೋಟೋ ಒಳಗೆ ಇರೋರು? ತೇರಿನ ಹಗ್ಗ ಹಿಡಿದ ದೊಡ್ಡಪ್ಪ, ಒಲೆ ಮುಂದೆ ಕೂತ ಅತ್ತೆ, ಅವರು ಯಾವಾಗ ನೋಡಬೇಕು?

ರೋಲಿನ ಕಾಲದಲ್ಲಿ ಈ ಪ್ರಶ್ನೆ ಇರಲಿಲ್ಲ. 36 ಫೋಟೋ ಮುಗಿಯೋವರೆಗೂ ಕಾದು, ಮಧುಗಿರಿ ಪೇಟೆಯ ಸ್ಟುಡಿಯೋಗೆ ರೋಲ್ ಕೊಟ್ಟು ‘ತೊಳೆಸಿಕೊಂಡು’ ಬರೋರು. ಎರಡು ಫೋಟೋ ಸುಟ್ಟುಹೋಗಿರೋವು, ಒಂದರಲ್ಲಿ ಯಾರದ್ದೋ ಬೆರಳು ಅಡ್ಡ ಬಂದಿರೋದು. ಆದರೂ ಉಳಿದದ್ದು ಆಲ್ಬಮ್ಮಿಗೆ ಸೇರಿ, ಮನೆಗೆ ಬಂದ ನೆಂಟರಿಗೆಲ್ಲ ಕಾಫಿ ಜೊತೆ ಆಲ್ಬಮ್ಮು ಕೈಗೆ ಬರೋದು. ಈಗ ಒಂದು ಹಬ್ಬಕ್ಕೆ ನಾನೂರು ಫೋಟೋ ತೆಗೀತಾರೆ, ಊರಲ್ಲಿ ಒಂದೂ ಉಳಿಯಲ್ಲ. ಬೆಂಗಳೂರಿನ ಹುಡುಗರು ಬರ್ತಾರೆ, ಫಳಾರ್ ಅಂತ ಫ್ಲ್ಯಾಶ್ ಹೊಡೀತಾರೆ, ಮೊಕ ತಗೊಂಡು ಹೋಗ್ತಾರೆ ಅಂತ ನಮ್ಮಜ್ಜಿ ಬೈತಿದ್ದದ್ದು ಇದಕ್ಕೇ. ಕ್ಯಾಮೆರಾದ ಹಿಂದಿನ ಎರಡೂವರೆ ಇಂಚಿನ ಪರದೆಯನ್ನು ಅವಳ ಮುಂದೆ ಹಿಡಿದರೆ ಪ್ರಯೋಜನವಿಲ್ಲ. ಒಂದು ಕಣ್ಣಿಗೆ ಪೊರೆ ಆಪರೇಷನ್ ಆಗಿದೆ, ಇನ್ನೊಂದಕ್ಕೆ ಆಗಬೇಕು. ‘ಏನೋ ಬೆಳ್ಳಗೈತೆ’ ಅಂತಾಳೆ ಅಷ್ಟೆ.

ನಮ್ಮೂರು ಮಧುಗಿರಿ ತಾಲ್ಲೂಕು ಮಿಡಿಗೇಶಿ ಹೋಬಳಿ. ಅಜ್ಜಿಯ ತವರು ಕೊರಟಗೆರೆ ತಾಲ್ಲೂಕಿನ ಹೊಳವನಹಳ್ಳಿ ಕಡೆ. ಅಕ್ಕನನ್ನು ಕೊಟ್ಟಿರೋದು ಸಿರಾಕ್ಕೆ. ಅಜ್ಜಿಯ ಒಬ್ಬಳೇ ತಂಗಿ, ಅಂದರೆ ನಮ್ಮ ಚಿಕ್ಕಜ್ಜಿ, ಪಾವಗಡ ತಾಲ್ಲೂಕಿನ ಹಳ್ಳಿಯಲ್ಲಿ. ಮ್ಯಾಪಿನಲ್ಲಿ ನೋಡಿದರೆ ಎಲ್ಲ ಒಂದು ಮೊಳದೊಳಗೆ. ಮಿಡಿಗೇಶಿಯಿಂದ ಪಾವಗಡ ಐವತ್ತು ಕಿಲೋಮೀಟರಿಗಿಂತ ಕಡಿಮೆ. ಆದರೂ ಅಕ್ಕ ತಂಗಿ ಮುಖ ನೋಡಿ ಏಳು ವರ್ಷ ಆಗಿತ್ತು. ಅಜ್ಜಿಗೆ ಮಂಡಿ ಮಡಚಕ್ಕೆ ಆಗಲ್ಲ, ಬಸ್ಸಿನ ಮೆಟ್ಟಿಲು ಹತ್ತಲ್ಲ. ಚಿಕ್ಕಜ್ಜಿಯದು ಇನ್ನೂ ಕಷ್ಟ. ಪಾವಗಡ ಸೀಮೆಯ ಬೋರ್‌ವೆಲ್ ನೀರಲ್ಲಿ ಫ್ಲೋರೈಡ್ ಜಾಸ್ತಿ ಅಂತ ನಿಮಗೂ ಗೊತ್ತಿರಬಹುದು, ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದು ಅನ್ನೋದು ಲೆಕ್ಕ, ಅಲ್ಲಿಯ ಎಷ್ಟೋ ಬೋರುಗಳು ಆ ಲೆಕ್ಕವನ್ನು ಎಂದೋ ದಾಟಿವೆ. ಜೀವಮಾನವಿಡೀ ಆ ನೀರು ಕುಡಿದ ಬೆನ್ನು ಹೇಗಾಗಿರುತ್ತೋ ಹಾಗಾಗಿತ್ತು ಅವಳ ಬೆನ್ನು. ಫೋನ್ ಇತ್ತಲ್ಲ ಅಂತೀರಾ? ಚಿಕ್ಕಜ್ಜಿಗೆ ಕಿವಿ ಮಂದ. ಇವಳಿಗೆ ಕಣ್ಣು ಕಾಣಲ್ಲ, ಅವಳಿಗೆ ಕಿವಿ ಕೇಳಲ್ಲ. ಇಬ್ಬರಿಗೂ ಆಗಿಬರೋ ಯಂತ್ರ ಮನೆಯಲ್ಲಿ ಒಂದೇ, ಅದು 21 ಇಂಚಿನ ಟಿವಿ. ಮುಖ ದೊಡ್ಡದಾಗಿ ಕಾಣುತ್ತೆ, ದನಿ ಎಷ್ಟು ಬೇಕಾದರೂ ಏರಿಸಬಹುದು.

2009ರಲ್ಲಿ ಆರು ತಿಂಗಳು ಆನ್‌ಸೈಟ್ ಹೋಗಿ ಬಂದಾಗ ಅಮೆರಿಕದಿಂದ ಒಂದು 10 ಮೆಗಾಪಿಕ್ಸೆಲ್ ಕ್ಯಾಮೆರಾ ತಂದಿದ್ದೆ. ಊರಿಗೆ ಹೋದವನೇ ಹಳದಿ ಮೂತಿಯನ್ನು ಟಿವಿಯ ಹಳದಿ ತೂತಿಗೆ ಸಿಕ್ಕಿಸಿ, ರಿಮೋಟಿನಲ್ಲಿ ಎವಿ ಒತ್ತಿದೆ. ಕ್ಯಾಮೆರಾದ ಪರದೆ ಆರಿತು. (ವೈರು ಸಿಕ್ಕಿಸಿದರೆ ಹಾಗೇ, ಚಿತ್ರವೆಲ್ಲ ಟಿವಿಗೆ ಹೋಗುತ್ತೆ. ಕ್ಯಾಮೆರಾ ಸತ್ತೋಯ್ತು ಅಂತ ಗಾಬರಿಯಾಗಬೇಡಿ.) ಟಿವಿಯಲ್ಲಿ ಚಿತ್ರವೇನೋ ಬಂತು, ಆದರೆ ಬಣ್ಣ ಇಲ್ಲ, ಮೇಲಿಂದ ಕೆಳಕ್ಕೆ ಉರುಳುತ್ತಾ ಇದೆ. ನ್ಯೂಜೆರ್ಸಿಯ ರಸ್ತೆ, ಹಿಮ, ನನ್ನ ರೂಮ್‌ಮೇಟು, ಎಲ್ಲ ಬೆಳ್ಳಗೆ ಕಪ್ಪಗೆ ಉರುಳೋದು.

‘ಅಮೇರಿಕಾದಲ್ಲಿ ಎಲ್ರೂ ಹಿಂಗೇ ಉಳ್ಳಾಡ್ತಾರೇನ್ಲಾ?’ ಅಂದಳು ಅಜ್ಜಿ.

ವಿಷಯ ಇಷ್ಟೇ. ಆಗ ಟಿವಿಗೆ ಚಿತ್ರ ಕಳಿಸೋಕೆ ಲೋಕದಲ್ಲಿ ಒಂದೇ ಪದ್ಧತಿ ಇರಲಿಲ್ಲ. ಅಮೆರಿಕದ್ದು ಎನ್‌ಟಿಎಸ್‌ಸಿ, 525 ಗೆರೆ, ಸೆಕೆಂಡಿಗೆ ಹತ್ತಿರ ಹತ್ತಿರ 30 ಚಿತ್ರ. ನಮ್ಮದು ಪಾಲ್, 625 ಗೆರೆ, 25 ಚಿತ್ರ. ಅವರ ಕರೆಂಟು 60 ಹರ್ಟ್ಸ್, ನಮ್ಮದು 50; ಟಿವಿ ಹುಟ್ಟಿದ ಕಾಲದಲ್ಲಿ ಆಯಾ ದೇಶದ ಕರೆಂಟಿಗೆ ಹೊಂದಿಸಿ ಲೆಕ್ಕ ಮಾಡಿದ್ದು ಹಾಗೇ ಉಳಿದುಬಿಟ್ಟಿತ್ತು. 1982ರಲ್ಲಿ ದೆಹಲಿ ಏಷ್ಯಾಡ್ ಹೊತ್ತಿಗೆ ನಮ್ಮಲ್ಲಿ ಬಣ್ಣದ ಟಿವಿ ಬಂದಾಗ ಪಾಲ್ ಬಂತು. ಹೊಸ ಟಿವಿಗಳು ಎರಡನ್ನೂ ಅರ್ಥ ಮಾಡಿಕೊಳ್ಳುತ್ತವೆ, ನಮ್ಮನೆಯದು ಹಳೇದು. ಕ್ಯಾಮೆರಾದ ಮೆನುವಿನಲ್ಲಿ ‘ವಿಡಿಯೋ ಸಿಸ್ಟಮ್’ ಅಂತ ಒಂದು ಸಾಲು ಇರುತ್ತೆ, ಅಲ್ಲಿ ಪಾಲ್ ಅಂತ ಮಾಡಿದರೆ ಮುಗೀತು. ಮಾಡಿದೆ. ಚಿತ್ರ ನಿಂತಿತು, ಹಿಮ ಬೆಳ್ಳಗೆ, ಕಾರು ಕೆಂಪಗೆ. ಅಜ್ಜಿ ಮುಂದಕ್ಕೆ ಬಾಗಿದಳು.

ಅವತ್ತು ಅವಳು ಅಮೆರಿಕ ನೋಡಿದ್ದು ಐದೇ ನಿಮಿಷ. ‘ಇದೆಲ್ಲ ಬುಡು. ಹೊಳವನಳ್ಳಿ ಕಡೀಕೆ ಹೋದಾಗ ನಮ್ ಮನೆ ತಕ್ಕಂಬಾ, ಪಾವಗಡಕ್ಕೆ ಹೋದಾಗ ಅವ್ಳನ್ನ ತಕ್ಕಂಬಾ’ ಅಂದಳು. ತಕ್ಕಂಬಾ ಅಂದರೆ ಹೊತ್ತು ತಾ ಅಂತ. ಫೋಟೋ ತೆಗಿ ಅಂತ ಅವಳು ಹೇಳಲೇ ಇಲ್ಲ.

ಇಲ್ಲೊಂದು ಮಾತು ಹೇಳಿ ಮುಂದೆ ಹೋಗ್ತೀನಿ, ನಾನು ಎಂಜಿನಿಯರು, ಹೇಳದೆ ಇರಕ್ಕಾಗಲ್ಲ. 1975ರಲ್ಲಿ ಕೊಡಾಕ್ ಕಂಪನಿಯ ಸ್ಟೀವನ್ ಸ್ಯಾಸನ್ ಅನ್ನೋ 25 ವರ್ಷದ ಎಂಜಿನಿಯರ್ ಮೊದಲ ಡಿಜಿಟಲ್ ಕ್ಯಾಮೆರಾ ಕಟ್ಟಿದ. ಮೂರೂವರೆ ಕಿಲೋ ಮೇಲಿತ್ತು ಅದರ ತೂಕ, ಚಿತ್ರ 100 ಇಂಟು 100 ಚುಕ್ಕಿ. ಒಂದು ಫೋಟೋ ಕ್ಯಾಸೆಟ್ಟಿನ ಟೇಪಿಗೆ ಇಳಿಯೋಕೆ 23 ಸೆಕೆಂಡ್ ಬೇಕಿತ್ತು. ಆಮೇಲೆ ಆ ಟೇಪನ್ನು ಇನ್ನೊಂದು ಯಂತ್ರಕ್ಕೆ ಹಾಕಿ ಅವರು ಫೋಟೋ ನೋಡಿದ್ದು ಎಲ್ಲಿ? ಟಿವಿಯಲ್ಲಿ. ಮನೆಗಳಲ್ಲಿ ಕಂಪ್ಯೂಟರ್ ಎಲ್ಲಿತ್ತು ಆವಾಗ! ಅಂದರೆ ಡಿಜಿಟಲ್ ಕ್ಯಾಮೆರಾ ಅನ್ನೋದು ಹುಟ್ಟುವಾಗಲೇ ಟಿವಿ ಕೈ ಹಿಡಿದು ಹುಟ್ಟಿದ ಕೂಸು. ನಾವು ಲ್ಯಾಪ್‌ಟಾಪಿನವರು ಆಮೇಲೆ ಬಂದ ನೆಂಟರು.

ಕೊರಟಗೆರೆ ಕಡೆಯ ಮನೆಯಲ್ಲಿ ಇರೋದು ಅಜ್ಜಿಯ ತಮ್ಮನ ಮಗ, ನನಗೆ ಮಾವ. ಅಲ್ಲಿಗೆ ಹೋಗಿ ಮನೆ, ಹಿತ್ತಲು, ಹುಣಸೆಮರ, ಬಾವಿ ಎಲ್ಲ ತೆಗೆದೆ. ಸಂಜೆ ಅವರಿಗೂ ತೋರಿಸೋಣ ಅಂತ ಟಿವಿ ಹಿಂದೆ ಕೈ ಹಾಕಿದರೆ ಹಳದಿ ತೂತೇ ಇಲ್ಲ. ಆಂಟೆನಾ ವೈರು ಸಿಕ್ಕಿಸೋ ಒಂದು ತೂತು ಬಿಟ್ಟರೆ ಬೇರೇನೂ ಇಲ್ಲ. ಅಷ್ಟು ಹಳೇ ಟಿವಿ.

ಮಾವ 90ರ ದಶಕದಲ್ಲಿ ಟಿವಿ, ವಿಸಿಆರ್ ಬಾಡಿಗೆಗೆ ಬಿಡ್ತಿದ್ದವರು. ಗಣೇಶನ ಹಬ್ಬ ಬಂತಂದರೆ ಊರ ನಡುವೆ ಮೇಜಿನ ಮೇಲೆ ಟಿವಿ ಇಟ್ಟು, ರಾತ್ರಿ ಮೂರು ಸಿನಿಮಾ, ಬೆಳಗಾಗೋವರೆಗೆ. ಎತ್ತಿನಗಾಡಿಯಲ್ಲಿ ಹುಲ್ಲಿನ ಮೆತ್ತೆ ಮಾಡಿ ಅದರ ಮೇಲೆ ಟಿವಿ ಕೂರಿಸ್ಕೊಂಡು ಹೋಗ್ತಿದ್ದದ್ದು ನನಗೆ ನೆನಪಿದೆ. ನಾನು ತಲೆ ಕೆರೀತಾ ನಿಂತಿದ್ದನ್ನು ನೋಡಿ ಅವರು ಅಟ್ಟಕ್ಕೆ ಹತ್ತಿ, ಗೋಣಿಚೀಲದಲ್ಲಿ ಸುತ್ತಿದ್ದ ವಿಸಿಆರ್ ಇಳಿಸಿದರು. ಧೂಳು ಊದಿದರು. ‘ಇದ್ಕೆ ಒಳಕ್ಕೂ ತೂತು ಐತೆ, ಹೊರಕ್ಕೂ ತೂತು ಐತೆ ಕಣೋ ಅಳಿಯಾ’ ಅಂದರು.

ನನ್ನ ಬಿಇ ಡಿಗ್ರಿ ಆ ಹೊತ್ತಿಗೆ ಪಕ್ಕಕ್ಕೆ ಸರಿದು ಕೂತಿತು. ಅವರು ಹೇಳಿದ್ದು ಸರಿ. ರೆಕಾರ್ಡ್ ಮಾಡೋ ವಿಸಿಆರ್‌ಗೆ ಹಳದಿ ತೂತಿನಿಂದ ಒಳಗೆ ಚಿತ್ರ ತಗೊಳ್ಳೋಕೆ ಬರುತ್ತೆ, ಅದನ್ನೇ ಟಿವಿ ಚಾನೆಲ್ಲಿನ ರೂಪಕ್ಕೆ ಬದಲಿಸಿ ಆಂಟೆನಾ ವೈರಿನಲ್ಲಿ ಹೊರಗೆ ಬಿಡೋಕೂ ಬರುತ್ತೆ. ಒಳಗೆ ಕ್ಯಾಸೆಟ್ ಇರಲೇಬೇಕು ಅಂತಿಲ್ಲ. ಬರೀ ಕ್ಯಾಸೆಟ್ ಓಡಿಸೋ ವಿಸಿಪಿ ಆಗಿದ್ದರೆ ಆಗ್ತಿರಲಿಲ್ಲ, ಅದಕ್ಕೆ ಒಳಕ್ಕೆ ತೂತು ಇರಲ್ಲ. ಕ್ಯಾಮೆರಾದಿಂದ ವಿಸಿಆರ್, ವಿಸಿಆರ್‌ನಿಂದ ಟಿವಿ. ಮಾವ ಟಿವಿಯ ಟ್ಯೂನಿಂಗ್ ತಿರುಪನ್ನು ತಿರುವ್ತಾ ಹೋದರು, ಗುಜುಗುಜು, ಗುಜುಗುಜು, ಆಮೇಲೆ ಸ್ವಲ್ಪ ಮಸುಕಾಗಿ ಅವರದೇ ಹಿತ್ತಲು ಕಾಣಿಸ್ತು. ಹದಿನೈದು ವರ್ಷದಿಂದ ಮಾತಾಡದೇ ಇದ್ದ ವಿಸಿಆರ್ ಅದು. ಮಾವ ಫೋಟೋ ನೋಡಲೇ ಇಲ್ಲ, ವಿಸಿಆರ್‌ನ ಕೆಂಪು ದೀಪವನ್ನೇ ನೋಡ್ತಾ ಕೂತಿದ್ದರು.

ಸಿರಾದ ಅಕ್ಕನ ಮನೆಯದು ಬೇರೆ ರಗಳೆ. ಟಿವಿಯಲ್ಲಿ ಎವಿ ತೂತು ಇರೋದು ಒಂದೇ ಸೆಟ್ಟು, ಅದರಲ್ಲಿ ಡಿಟಿಎಚ್ ಡಬ್ಬಿಯ ವೈರು ಕೂತಿದೆ. ಸಂಜೆ ಏಳರಿಂದ ಒಂಬತ್ತೂವರೆ ಅಕ್ಕನ ಅತ್ತೆಯ ಸೀರಿಯಲ್ಲು. ಮಗ ಕೇಳಿದರೂ ರಿಮೋಟು ಕೊಡೋರಲ್ಲ. ‘ಜಾಹೀರಾತು ಬಂದಾಗ ಕಿತ್ತು ಸಿಕ್ಸು, ಸೀರಿಯಲ್ ಬಂದಾಗ ಮತ್ತೆ ಹಾಕು’ ಅಂತ ಅಕ್ಕ ಪಿಸುಗುಟ್ಟಿದಳು. ಭಾವನ ಕ್ಯಾಮೆರಾಕ್ಕೆ ಇರಲಿ ಅಂತ ಎಸ್‌ಪಿ ರೋಡಿನಿಂದ ಒಂದು ವೈರು ತಂದಿದ್ದೆ, ಅದನ್ನೇ ಹಾಕಿದೆ. ಚಿತ್ರ ಇಲ್ಲ, ಸ್ಪೀಕರಿನಲ್ಲಿ ಮಾತ್ರ ಗುಂಯ್ ಅಂತ ಜೇನುಗೂಡಿನ ಸದ್ದು. ಈ ಸದ್ದು ನಿಮಗೂ ಬಂದರೆ ಅದೃಷ್ಟ ಅಂದುಕೊಳ್ಳಿ, ಚಿತ್ರ ದನಿಯ ದಾರಿಯಲ್ಲಿ ಹೋಗ್ತಿದೆ ಅಂತ ಅರ್ಥ. ಆ ಸಣ್ಣ ಪಿನ್ನಿನ ಮೇಲೆ ಉಂಗುರಗಳಿರುತ್ತವಲ್ಲ, ಯಾವ ಉಂಗುರದಲ್ಲಿ ಚಿತ್ರ, ಯಾವುದರಲ್ಲಿ ದನಿ ಅನ್ನೋದನ್ನು ಒಂದೊಂದು ಕಂಪನಿ ಒಂದೊಂದು ರೀತಿ ಮಾಡಿರುತ್ತೆ. ಬಣ್ಣ ಮರೆತುಬಿಡಿ. ಕೆಂಪು ಮೂತಿ ತೆಗೆದು ಹಳದಿ ತೂತಿಗೆ ಹಾಕಿ. ಹಾಕಿದೆ, ಬಂತು. ಬಂದದ್ದು ಅತ್ತೆಯವರು ಮೊಮ್ಮಗನಿಗೆ ತುತ್ತು ಕೊಡೋ ಫೋಟೋ. ಅವತ್ತಿನ ಸೀರಿಯಲ್ಲಿನಲ್ಲಿ ಸೊಸೆಯ ಗತಿ ಏನಾಯ್ತೋ, ಆ ಮನೆಯಲ್ಲಿ ಯಾರಿಗೂ ಗೊತ್ತಿಲ್ಲ.

ಪಾವಗಡಕ್ಕೆ ಹೋದದ್ದು ಅದಾದ ಎರಡು ವಾರಕ್ಕೆ. ನಮ್ಮ ಜಿಲ್ಲೆಯದೇ ತಾಲ್ಲೂಕು ಆದರೂ ಹೋಗೋ ಬಸ್ಸು ನಡುವೆ ಆಂಧ್ರದ ನೆಲ ಹಾದು ಹೋಗುತ್ತೆ. ಆಗೆಲ್ಲ ಮೊಬೈಲು ರೋಮಿಂಗಿಗೆ ಹೋಗಿ ಸ್ವಾಗತದ ಮೆಸೇಜು ಕಳಿಸ್ತಿತ್ತು, ಸ್ವಲ್ಪ ದೂರಕ್ಕೆ ಮತ್ತೆ ಕರ್ನಾಟಕ. ಮನೆಯಲ್ಲಿ ಮಾತು ಅರ್ಧ ಕನ್ನಡ ಅರ್ಧ ತೆಲುಗು. ಹೋದಾಗ ಕರೆಂಟಿಲ್ಲ. ಚಿಕ್ಕಜ್ಜಿ ಜಗಲಿ ಮೇಲೆ ಕಂಬಕ್ಕೆ ಒರಗಿ ಕೂತಿದ್ದಳು. ಯಾರು ಅಂತ ಗುರುತು ಹತ್ತೋಕೆ ಸ್ವಲ್ಪ ಹೊತ್ತು ಹಿಡೀತು. ಅಲ್ಲೇ ಒಂದಿಷ್ಟು ಫೋಟೋ ತೆಗೆದೆ. ಮಧ್ಯಾಹ್ನ ಮೂರಕ್ಕೆ ಕರೆಂಟು ಬಂತು.

ಈ ಮನೆಯ ಟಿವಿಗೆ ಮುಂದೆಯೇ ಒಂದು ಮುಚ್ಚಳ, ತೆಗೆದರೆ ಮೂರು ಬಣ್ಣದ ತೂತು. ಎಲ್ಲ ಟಿವಿಯೂ ಹೀಗಿದ್ದರೆ ಈ ಲೇಖನ ಬರೆಯೋ ಕೆಲಸವೇ ಇರ್ತಿರಲಿಲ್ಲ. ವೈರು ಹಾಕಿ, ಹೊಳವನಹಳ್ಳಿ ಕಡೆಯ ಫೋಟೋಗಳನ್ನು ಒಂದೊಂದಾಗಿ ಬಿಟ್ಟೆ. ಮನೆಯ ಮುಂಬಾಗಿಲು. ನಡುಮನೆ. ಚಿಕ್ಕಜ್ಜಿ ಸುಮ್ಮನಿದ್ದಳು. ಆ ಮನೆಗೆ ಸಿಮೆಂಟು ಬಂದಿದೆ, ಬಣ್ಣ ಬಂದಿದೆ, ಅವಳಿಗೆ ಅದು ಯಾರದೋ ಮನೆ. ಆಮೇಲೆ ಹುಣಸೆಮರ ಬಂತು.

‘ನಿಲ್ಸು’ ಅಂದಳು.

ನಿಲ್ಲಿಸಿದೆ. ಮರದ ಬುಡದ ಕಡೆ ಕೈ ತೋರಿಸಿದಳು. ಫೋಟೋ ನೋಡುವಾಗ ಜೂಮ್ ಸನ್ನೆ ಒತ್ತಿದರೆ ಟಿವಿಯಲ್ಲೂ ಚಿತ್ರ ಹಿಗ್ಗುತ್ತೆ. ಒತ್ತುತ್ತಾ ಹೋದೆ. ಬುಡದಲ್ಲಿ ಅರ್ಧ ಮಣ್ಣಲ್ಲಿ ಹೂತ, ಒಂದು ಕಡೆ ಬಾಯಿ ಒಡೆದ ಒರಳುಕಲ್ಲು. ಫೋಟೋ ತೆಗೆದ ನನಗೇ ಅದು ಕಂಡಿರಲಿಲ್ಲ.

‘ನಮ್ಮವ್ವಂದು ಕಣೋ ಅದು, ನಮ್ಮವ್ವನ ಒರಳು. ನಾನೂ ಅಕ್ಕನೂ ಕುಟ್ತಾ ಕುಟ್ತಾ ಜಗಳ ಆಡಿ ಬಾಯಿ ಒಡ್ದಿದ್ದು ಅದ್ನ. ಅಕ್ಕನ್ನ ಕೇಳು, ಅವ್ಳು ನಾನೇ ಒಡ್ದೆ ಅಂತಾಳೆ. ಅವ್ಳೇ ಒಡ್ದಿದ್ದು.’

ಆ ಹೊತ್ತಿಗೆ ಕ್ಯಾಮೆರಾ ಟಿವಿಗೆ ಕಟ್ಟಿಹಾಕ್ಕೊಂಡಿತ್ತು. ತಟ್ಟನೆ ವೈರು ಕಿತ್ತು, ‘ಇದನ್ನೇ ಅಜ್ಜಿಗೆ ಹೇಳು ಚಿಕ್ಕಜ್ಜಿ, ಇಲ್ಲಿ ನೋಡ್ಕೊಂಡು ಹೇಳು’ ಅಂತ ಕಿವಿ ಹತ್ತಿರ ಕೂಗಿ, ವಿಡಿಯೋ ಹಾಕಿದೆ. ಅವಳು ಮೊದಲು ಸೆರಗು ಸರಿಮಾಡಿಕೊಂಡಳು. ‘ಅಕ್ಕಾ, ಬಾಗುಂಡಾವಾ?’ ಅಂತ ತೆಲುಗಿನಲ್ಲೇ ಶುರು ಮಾಡಿ ಕನ್ನಡಕ್ಕೆ ಬಂದಳು. ಎರಡು ನಿಮಿಷ ಚಿಲ್ಲರೆ. ನನ್ನ ಕ್ಯಾಮೆರಾ ಸೆಕೆಂಡಿಗೆ ಸುಮಾರು 2 ಎಂಬಿ ನುಂಗುತ್ತೆ, 250 ಎಂಬಿ ಮೇಲಾಯ್ತು. ಮತ್ತೆ ವೈರು ಸಿಕ್ಕಿಸಿ ಅವಳಿಗೇ ತೋರಿಸಿದಾಗ ತನ್ನ ಬೊಚ್ಚುಬಾಯಿ ಕಂಡು ನಕ್ಕಳೇ ನಕ್ಕಳು. ಅವಳ ಮೊಮ್ಮಗ, ಐಟಿಐ ಓದೋ ಹುಡುಗ, ನಂಗೂ ಒಂದು ಕಾಪಿ ಕೊಡಣ್ಣ ಅಂದ. ಮನೆಯಲ್ಲಿ ಕಂಪ್ಯೂಟರ್ ಇಲ್ಲ, ಇದ್ದ ಒಂದೇ ಕಾರ್ಡು ನನ್ನ ಜೊತೆ ಮಿಡಿಗೇಶಿಗೆ ಹೋಗಬೇಕು. ಅವನಿಗೆ ತಡೆಯಲಿಲ್ಲ. ಟಿವಿಯ ಮುಂದೆ ಮೊಬೈಲ್ ಹಿಡಿದು ಕ್ಲಿಕ್ ಅನ್ನಿಸಿಕೊಂಡ.

ಮಾರನೇ ದಿನ ರಾತ್ರಿ ನಮ್ಮನೆಯಲ್ಲಿ ಅಜ್ಜಿಯನ್ನು ಟಿವಿಗೆ ನಾಲ್ಕಡಿ ದೂರದಲ್ಲಿ ಕೂರಿಸಿದೆವು. ಚಿಕ್ಕಜ್ಜಿ ಬಂದಳು, ‘ಬಾಗುಂಡಾವಾ’ ಅಂದಳು. ‘ಊಂ ಕಣವ್ವ, ಚೆನ್ನಾಗಿವ್ನಿ’ ಅಂದಳು ಅಜ್ಜಿ, ಟಿವಿಗೇ. ಎಷ್ಟು ಬಡವಾಗವ್ಳೆ ನೋಡು ಅಂತ ನಮ್ಮ ಕಡೆ ತಿರುಗಿದಳು. ಒರಳಿನ ಮಾತು ಬಂತು. ಅಜ್ಜಿಗೆ ಸಿಟ್ಟೇ ಬಂತು. ‘ಸುಳ್ಳಿ! ಒಡ್ದಿದ್ದು ಅವ್ಳೇ! ಹಾಕ್ಲಾ ನಿನ್ ಮಿಶನ್ನು, ನಾನೂ ಯೋಳ್ತೀನಿ.’

ಹೀಗೆ ಎಂಟು ತಿಂಗಳಲ್ಲಿ ಆ ಕಾರ್ಡು ಮಿಡಿಗೇಶಿಗೂ ಪಾವಗಡಕ್ಕೂ ಐದು ಸಲ ಓಡಾಡಿತು, ನಾನು ಹೋಗಲಾಗದಾಗ ಯಾರಾದರೂ ಹೋಗೋರ ಕೈಯಲ್ಲಿ ಕ್ಯಾಮೆರಾ ಸಮೇತ. ಒರಳು ಒಡೆದದ್ದು ಯಾರು ಅನ್ನೋದು ಇತ್ಯರ್ಥ ಆಗಲಿಲ್ಲ.

ಚಿಕ್ಕಜ್ಜಿ ತೀರಿಕೊಂಡಾಗ ನಾನು ಪುಣೆಯಲ್ಲಿ ಕ್ಲೈಂಟ್ ಆಫೀಸಿನಲ್ಲಿದ್ದೆ. ನಸುಕಿಗೆ ಹೋಗಿದ್ದಳಂತೆ. ಅಪ್ಪ ಒಂದು ಓಮ್ನಿ ಗೊತ್ತುಮಾಡಿ, ಹಿಂದಿನ ಸೀಟಿಗೆ ಹಾಸಿಗೆ ಹಾಕಿ ಅಜ್ಜಿಯನ್ನು ಮಲಗಿಸಿಕೊಂಡು ಹೋದರು. ‘ಇರೋತ್ನಲ್ಲಿ ಬಸ್ಸು ಹತ್ಲಿಲ್ಲ ನಾನು, ಈಗ ಮಲಿಕ್ಕಂಡ್ ಹೋಗ್ತಾ ಇವ್ನಿ’ ಅಂತ ದಾರಿಯುದ್ದಕ್ಕೂ ಅಂದಳಂತೆ. ನನಗೆ ಸುದ್ದಿ ಮುಟ್ಟಿದ್ದು ಮಧ್ಯಾಹ್ನ. ಅಷ್ಟರಲ್ಲಿ ಶ್ರದ್ಧಾಂಜಲಿಯ ಫ್ಲೆಕ್ಸಿಗೆ, ಫ್ರೇಮಿಗೆ ಅವಳದೊಂದು ಫೋಟೋ ಬೇಕಾಗಿ ಮನೆಯೆಲ್ಲ ಹುಡುಕಿದ್ದಾರೆ. ಇದ್ದದ್ದು ವೋಟರ್ ಕಾರ್ಡಿನದು, ಅದರಲ್ಲಿ ಅವಳನ್ನು ಅವಳ ಮಕ್ಕಳೂ ಗುರುತು ಹಿಡಿಯರು. ಆಗ ಮೊಮ್ಮಗನಿಗೆ ಮೊಬೈಲ್ ನೆನಪಾಗಿದೆ. ಸ್ಟುಡಿಯೋದವನು ಅದನ್ನೇ ಹಿಗ್ಗಿಸಿ ಕೊಟ್ಟಿದ್ದಾನೆ.

ನನ್ನ ಹತ್ತಿರ ಒಳ್ಳೇ ಫೋಟೋ ಇತ್ತು, ಜಗಲಿಯ ಮೇಲೆ ಕಂಬಕ್ಕೆ ಒರಗಿ ಕೂತದ್ದು. 10 ಮೆಗಾಪಿಕ್ಸೆಲ್ ಅಂದರೆ ಉದ್ದಕ್ಕೆ 3648 ಚುಕ್ಕಿ. 12 ಇಂಚು ಅಗಲದ ಪ್ರಿಂಟಿಗೆ ಇಂಚಿಗೆ 300 ಚುಕ್ಕಿ ಸಿಕ್ಕು, ಒಂದೊಂದು ಸುಕ್ಕೂ ಕಾಣುತ್ತೆ. ಹಳದಿ ವೈರಿನಲ್ಲಿ ಹಾದು ಟಿವಿಗೆ ಬರೋದು ಅದರಲ್ಲಿ ಚೂರು, ಮೇಲಿಂದ ಕೆಳಕ್ಕೆ 576 ಗೆರೆ ಅಷ್ಟೇ. ಅದರ ಮೇಲೆ ಮೊಬೈಲಿನಲ್ಲಿ ತೆಗೆದದ್ದು ಹೇಗಿರಬೇಡ. ತಿಥಿಗೆ ಹೋಗುವಾಗ ಮಧುಗಿರಿಯಲ್ಲಿ ಇಳಿದು ದೊಡ್ಡದೊಂದು ಪ್ರಿಂಟ್ ಹಾಕಿಸಿದೆ. (ಸ್ಟುಡಿಯೋಗೆ ಕಾರ್ಡ್ ಕೊಡೋ ಮುಂಚೆ ಅದರ ಪಕ್ಕದಲ್ಲಿರೋ ಪುಟ್ಟ ಬಿಳಿ ಗುಬುಟನ್ನು ಲಾಕ್ ಕಡೆ ಜಾರಿಸಿ. ಅದು ಬರೀ ಒಂದು ಗುರುತು, ಒಳಗೆ ಯಾವ ವೈರಿಗೂ ಸೇರಿಲ್ಲ, ಆದರೂ ಹೆಚ್ಚಿನ ಕಾರ್ಡ್ ರೀಡರುಗಳು ಆ ಗುರುತಿಗೆ ಮರ್ಯಾದೆ ಕೊಡ್ತವೆ. ಕಾರ್ಡಿನಲ್ಲಿ ಅವರ ಕಂಪ್ಯೂಟರಿನ ವೈರಸ್ಸು ಹತ್ತಿಕೊಂಡು ಬರಲ್ಲ.)

ಮನೆ ಮುಟ್ಟಿದಾಗ ನಡುಮನೆಯ ಗೋಡೆಯಲ್ಲಿ ಆ ಇನ್ನೊಂದು ಫೋಟೋಗೆ ಹಾರ ಹಾಕಿದ್ದರು. ಟಿವಿಯ ಉಬ್ಬಿದ ಗಾಜಿಗೆ ಮುಖ ಸ್ವಲ್ಪ ಹಿಗ್ಗಿದೆ. ಅಡ್ಡಕ್ಕೆ ಒಂದು ಕಪ್ಪು ಪಟ್ಟೆ ಹಾದಿದೆ. ಬಲಗಡೆ ಮೂಲೆಯಲ್ಲಿ ಹಸಿರು ಇಂಗ್ಲಿಷ್ ಅಕ್ಷರದಲ್ಲಿ ‘ವಿಡಿಯೋ 1’ ಅಂತ ಬರೆದಿದೆ. ಸ್ಟುಡಿಯೋದವನು ಅಳಿಸೋಕೆ ಹೋಗಿ ಬಿಟ್ಟಿರಬೇಕು.

ನಾನು ತಂದದ್ದನ್ನು ಎಲ್ಲರೂ ಕೈಯಲ್ಲಿ ಹಿಡಿದು ನೋಡಿದರು. ಚೆನ್ನಾಗೈತೆ, ಬಲು ಚೆನ್ನಾಗೈತೆ ಅಂದರು. ಅದನ್ನು ಗೋಡೆಗೆ ಹಾಕಿ ಇದನ್ನು ತೆಗೆಯೋಣ ಅಂತ ಮೊಮ್ಮಗ ಸ್ಟೂಲ್ ಹತ್ತಿದ. ತಿಥಿಗೆ ಅಂತ ಮತ್ತೆ ಓಮ್ನಿಯಲ್ಲಿ ಮಲಗಿಕೊಂಡು ಬಂದಿದ್ದ ಅಜ್ಜಿ ಎದುರಿನ ಗೋಡೆಗೆ ಒರಗಿ ಕೂತಿದ್ದಳು.

‘ಅದು ಅಲ್ಲೇ ಇರ್ಲಿ ಬುಡ್ಲಾ’ ಅಂದಳು. ‘ಅದ್ರಲ್ಲಿ ಒಳ್ಳಿನ ಮಾತು ಆಡ್ತಾ ಅವ್ಳೆ.’

ಹುಡುಗ ಸ್ಟೂಲಿನಿಂದ ಇಳಿದ. ನನ್ನ ಪ್ರಿಂಟು ಈಗ ಒಳಗಿನ ಕೋಣೆಯಲ್ಲಿ ಇದೆ, ಬೀರುವಿನ ಪಕ್ಕ.